ಬೇಡ ಎಂದ ಊರು ಕಟ್ಟಿದ ಅಂಗಡಿ

ಅಮೆರಿಕದ ಸಾರನಾಕ್ ಲೇಕ್ ಎಂಬ ಊರಿನ ಸಮುದಾಯ ಅಂಗಡಿಯ ವಿಸ್ತೀರ್ಣ ಸುಮಾರು 4,000 ಚದರಡಿ. ನಮ್ಮ ಬಡಾವಣೆಗಳ 40×60ರ ಎರಡು ಸೈಟುಗಳನ್ನು ಜೋಡಿಸಿದರೆ ಅದಕ್ಕಿಂತ ದೊಡ್ಡ ಜಾಗವಾಗುತ್ತದೆ. ಆ ಊರಿಗೆ ಬರಬೇಕೆಂದಿದ್ದ ವಾಲ್‌ಮಾರ್ಟ್ ಮಳಿಗೆಯ ವಿಸ್ತೀರ್ಣ 1,20,000 ಚದರಡಿ. ಅಂದರೆ ಅಂಥ ಐವತ್ತು ಸೈಟು, ಒಂದೇ ಸೂರಿನ ಕೆಳಗೆ. ಕಾರು ನಿಲ್ಲಿಸುವ ಬಯಲು ಬೇರೆ. ಊರಿನ ಜನಸಂಖ್ಯೆ ಸುಮಾರು 5,000. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಊರವರಲ್ಲಿ ಹಲವರು ದೊಡ್ಡದನ್ನು ಏಕೆ ಬೇಡವೆಂದರು ಎಂಬುದು ತಿಳಿಯುತ್ತದೆ. ಬೇಡ ಎಂದವರು ಅಲ್ಲಿಗೇ ಕೈ ತೊಳೆದುಕೊಳ್ಳದೆ ತಮ್ಮ ಕಿಸೆಯಿಂದ ದುಡ್ಡು ಹಾಕಿ ಚಿಕ್ಕದೊಂದನ್ನು ಏಕೆ ಕಟ್ಟಿದರು ಎಂಬುದು ಮಾತ್ರ ಅಂಕಿಗಳಿಂದ ತಿಳಿಯುವುದಿಲ್ಲ. ಸಹಕಾರಿಗಳ ಸ್ಮರಣ ಸಂಚಿಕೆಯಲ್ಲಿ ನ್ಯೂಯಾರ್ಕ್ ರಾಜ್ಯದ ಮೂಲೆಯ ಅಂಗಡಿಯೊಂದರ ಚರಿತ್ರೆಗೆ ಜಾಗ ಕೇಳುತ್ತಿರುವುದು ಈ ಎರಡನೆಯ ಪ್ರಶ್ನೆಗಾಗಿ. ದೊಡ್ಡ ಮಳಿಗೆಗೆ ಒಡ್ಡಿದ ವಿರೋಧ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಆ ವಿರೋಧದ ಕಾವಾಗಲಿ ಜನಬಲವಾಗಲಿ ಪೂರ್ತಿ ನಿರ್ಧರಿಸುವುದಿಲ್ಲ. ಮಳಿಗೆ ಬೇಕು ಎಂದವರ ಕೊರತೆಯನ್ನು ವಿರೋಧಿಸಿದವರು ನೀಗಿಸಿದರೇ ಇಲ್ಲವೇ ಎಂಬುದೂ ಅದನ್ನು ನಿರ್ಧರಿಸುತ್ತದೆ, ಬಹುಶಃ ಹೆಚ್ಚಾಗಿ ಅದೇ ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಸಾರನಾಕ್ ಲೇಕ್ ಆಡಿರಾಂಡ್ಯಾಕ್ ಬೆಟ್ಟಸಾಲಿನ ಊರು. 1892ರಲ್ಲಿ ರೂಪುಗೊಂಡ ಆಡಿರಾಂಡ್ಯಾಕ್ ಉದ್ಯಾನದ ಒಳಗಿದೆ. ಉದ್ಯಾನವೆಂದರೆ ಬೇಲಿ ಹಾಕಿದ ಕಾಡಲ್ಲ. ಸುಮಾರು 60 ಲಕ್ಷ ಎಕರೆಯ ಈ ಸೀಮೆಯಲ್ಲಿ ಸರ್ಕಾರದ ಕಾಡೂ ಖಾಸಗಿ ಜಮೀನೂ ಊರುಗಳೂ ಬೆರೆತಿವೆ. ಊರಿಗೆ ಹೆಸರು ಬಂದದ್ದು ಕ್ಷಯರೋಗದಿಂದ. ಸ್ವತಃ ಕ್ಷಯಪೀಡಿತನಾಗಿದ್ದ ವೈದ್ಯ ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೊ 1880ರ ದಶಕದಲ್ಲಿ ಇಲ್ಲಿ ಆರೋಗ್ಯಧಾಮ ತೆರೆದ. ತಣ್ಣನೆಯ ಶುದ್ಧ ಗಾಳಿಯನ್ನು ನಂಬಿ ರೋಗಿಗಳು ಬಂದರು. ಅವರು ಮಲಗಲೆಂದೇ ಜಗಲಿಗಳನ್ನು ಇಟ್ಟು ಕಟ್ಟಿದ ಮನೆಗಳು ಇಂದೂ ಊರಿನ ಗುರುತು. ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ 1887-88ರ ಚಳಿಗಾಲವನ್ನು ಇಲ್ಲಿ ಕಳೆದದ್ದೂ ಆರೋಗ್ಯದ ಸಲುವಾಗಿ. ಇಂಥ ಊರಿನಲ್ಲಿ ಬಟ್ಟೆಬರೆ, ಹಾಸಿಗೆ ಹೊದಿಕೆ, ಮನೆಬಳಕೆಯ ಸಾಮಾನುಗಳಿಗೆ ಆಸರೆಯಾಗಿದ್ದದ್ದು ಏಮ್ಸ್ ಎಂಬ ಸರಣಿ ಮಳಿಗೆಯ ಶಾಖೆ. ದಿವಾಳಿಯಾದ ಏಮ್ಸ್ ಕಂಪನಿ 2002ರಲ್ಲಿ ಮುಚ್ಚಿಹೋಯಿತು, ಶಾಖೆಗೆ ಬೀಗ ಬಿತ್ತು. ಆಮೇಲೆ ಒಳಉಡುಪು ಕೊಳ್ಳುವುದಕ್ಕೂ ಸುಮಾರು 80 ಕಿಲೋಮೀಟರ್ ದೂರದ ಪ್ಲಾಟ್ಸ್‌ಬರ್ಗ್‌ಗೆ ಕಾರು ಓಡಿಸಬೇಕಾಯಿತು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯಬಲ್ಲ ಸೀಮೆಯ ರಸ್ತೆ ಅದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಊರಿನ ಅಂಗಡಿಯನ್ನು ಕೊಂದದ್ದು ವಾಲ್‌ಮಾರ್ಟ್ ಬಂದದ್ದಲ್ಲ. ಎಲ್ಲೋ ಇರುವ ಮುಖ್ಯ ಕಚೇರಿಯ ಲೆಕ್ಕ ತಪ್ಪಿದರೆ, ವ್ಯಾಪಾರ ನಡೆಯುತ್ತಿದ್ದರೂ ಶಾಖೆ ಮುಚ್ಚುತ್ತದೆ. ಸರಣಿ ಮಳಿಗೆಯನ್ನು ನಂಬಿದ ಊರಿಗೆ ಇದು ಮೊದಲ ಪಾಠ. ವಾಲ್‌ಮಾರ್ಟ್ ಕದ ತಟ್ಟುವ ಮೊದಲೇ ಸಾರನಾಕ್ ಲೇಕ್ ಈ ಪಾಠ ಕಲಿತಿತ್ತು.

ವಾಲ್‌ಮಾರ್ಟ್ ಯೋಜನೆ ಸುದ್ದಿಯಾದಾಗ ಊರು ಎರಡಾಯಿತು. ಬರಲಿ ಎಂದವರನ್ನು ಊರಿನ ದ್ರೋಹಿಗಳೆಂದು ಚಿತ್ರಿಸುವ ಚಾಳಿ ಇಂಥ ಚರಿತ್ರೆಗಳಲ್ಲಿ ಸಾಮಾನ್ಯ. ಅದು ಅನ್ಯಾಯ. ಕಡಿಮೆ ಸಂಬಳದಲ್ಲಿ ಸಂಸಾರ ತೂಗಿಸುವವನಿಗೆ ಮಕ್ಕಳ ಚಳಿಯಂಗಿ ನಾಲ್ಕು ಡಾಲರ್ ಅಗ್ಗವಾಗಿ ಸಿಗುವುದು ಸಣ್ಣ ವಿಷಯವಲ್ಲ. ಅರ್ಥಶಾಸ್ತ್ರಜ್ಞರ ಅಧ್ಯಯನಗಳೂ ಒಂದೇ ಕಡೆಗೆ ವಾಲುವುದಿಲ್ಲ. ಅಯೋವ ರಾಜ್ಯದ ಸಣ್ಣ ಊರುಗಳನ್ನು 1980ರ ದಶಕದಿಂದ ಗಮನಿಸಿದ ಕೆನೆತ್ ಸ್ಟೋನ್, ವಾಲ್‌ಮಾರ್ಟ್ ಬಂದ ಊರಿನಲ್ಲಿ ಒಟ್ಟು ವ್ಯಾಪಾರ ಏರುವುದನ್ನೂ ಅದೇ ಮಾಲು ಮಾರುವ ಹಳೆಯ ಅಂಗಡಿಗಳು ಸೊರಗುವುದನ್ನೂ ಕಂಡರು. ಹೆಚ್ಚು ಪೆಟ್ಟು ತಿಂದದ್ದು ಸುತ್ತಲಿನ, ವಾಲ್‌ಮಾರ್ಟ್ ಇಲ್ಲದ ಇನ್ನೂ ಚಿಕ್ಕ ಊರುಗಳು. ಎಮೆಕ್ ಬಾಸ್ಕರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಳಿಗೆ ತೆರೆದ ವರ್ಷ ಆ ಕೌಂಟಿಯ (ಜಿಲ್ಲೆಯ) ಚಿಲ್ಲರೆ ವ್ಯಾಪಾರದಲ್ಲಿ ಸುಮಾರು 100 ಕೆಲಸಗಳು ಹೆಚ್ಚುತ್ತವೆ, ಐದು ವರ್ಷದೊಳಗೆ ಅದರಲ್ಲಿ ಅರ್ಧದಷ್ಟು ಕರಗುತ್ತವೆ. ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆ ತಿರುಗುಮುರುಗಾದ ಫಲಿತಾಂಶ ಕೊಟ್ಟರು: ವಾಲ್‌ಮಾರ್ಟಿನಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಉಳಿದ ಅಂಗಡಿಗಳಲ್ಲಿ ಸುಮಾರು 1.4 ಕೆಲಸ ಹೋಗುತ್ತದೆ. ಬೆಲೆ ಇಳಿಯುವುದನ್ನು ಮಾತ್ರ ಹೆಚ್ಚಿನವರು ಒಪ್ಪುತ್ತಾರೆ. ಆದ್ದರಿಂದ ದೊಡ್ಡ ಮಳಿಗೆ ಬಂದರೆ ಊರು ಹಾಳು ಎಂದು ಬೀಸಾಗಿ ಹೇಳುವುದಕ್ಕೆ ಆಧಾರ ಸಾಲದು. ಊರಿನ ಗಾತ್ರಕ್ಕೆ ಮಳಿಗೆಯ ಗಾತ್ರ ಎಷ್ಟು, ಯಾರ ವ್ಯಾಪಾರ ಎಲ್ಲಿಗೆ ಹೋಗುತ್ತದೆ, ಹೋದದ್ದು ಹಿಂದಿರುಗುತ್ತದೆಯೇ ಎಂದು ಒಂದೊಂದು ಊರೂ ತನ್ನ ಲೆಕ್ಕವನ್ನು ತಾನೇ ಹಾಕಬೇಕು. ಐದು ಸಾವಿರ ಜನರಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಚದರಡಿ ಎಂಬ ಲೆಕ್ಕ ಸಾರನಾಕ್ ಲೇಕಿನ ಅನೇಕರಿಗೆ ಸರಿ ಕಾಣಲಿಲ್ಲ. ಅಷ್ಟು ದೊಡ್ಡ ಮಳಿಗೆ ಬದುಕಬೇಕಾದರೆ ಊರಿನ ಅಂಗಡಿಗಳ ಪಾಲನ್ನು ತಿಂದೇ ಬದುಕಬೇಕು ಎಂಬುದು ಅವರ ವಾದವಾಗಿತ್ತು.

ವಿರೋಧದ ದಾರಿಯೂ ಆ ಹೊತ್ತಿಗೆ ಸವೆದ ದಾರಿಯೇ. ಪಕ್ಕದ ಲೇಕ್ ಪ್ಲಾಸಿಡ್ 1932 ಮತ್ತು 1980ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಊರು. ಅಲ್ಲಿಗೆ ಬರಲಿದ್ದ ವಾಲ್‌ಮಾರ್ಟಿಗೆ ಆ ಊರನ್ನು ಒಳಗೊಂಡ ನಾರ್ತ್ ಎಲ್ಬಾ ಪಟ್ಟಣದ ಯೋಜನಾ ಮಂಡಳಿ ಅನುಮತಿ ನಿರಾಕರಿಸಿತ್ತು. ಬೆಟ್ಟದ ನೋಟಕ್ಕೆ ಧಕ್ಕೆ, ಊರಿನ ಸ್ವಭಾವಕ್ಕೆ ಧಕ್ಕೆ ಎಂಬ ಕಾರಣಗಳನ್ನು 1998ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಮ್ಯಾಸಚೂಸೆಟ್ಸಿನ ಗ್ರೀನ್‌ಫೀಲ್ಡ್ ಎಂಬ ಪಟ್ಟಣದಲ್ಲಿ ವಾಲ್‌ಮಾರ್ಟಿಗಾಗಿ ಜಮೀನಿನ ಬಳಕೆಯ ವರ್ಗ ಬದಲಾಯಿಸಿದ ತೀರ್ಮಾನವನ್ನು ಜನ 1993ರ ಅಕ್ಟೋಬರಿನಲ್ಲಿ ಮತಕ್ಕೆ ಹಾಕಿಸಿ ಕೆಡವಿದರು. ಅಂತರ ಒಂಬತ್ತೇ ಮತ. ಆ ಹೋರಾಟ ನಡೆಸಿದ ಆಲ್ ನಾರ್ಮನ್ ಮುಂದೆ ಇಂಥ ಊರುಗಳಿಗೆಲ್ಲ ಸಲಹೆಗಾರರಾದರು. ವರ್ಮಾಂಟ್ ರಾಜ್ಯದಲ್ಲಿ 1970ರಿಂದ ಜಾರಿಯಲ್ಲಿರುವ 250ನೆಯ ಕಾಯ್ದೆ ದೊಡ್ಡ ಕಟ್ಟಡಗಳು ಊರಿನ ಮೇಲೆ ಹೊರಿಸುವ ಭಾರವನ್ನು ಪರಿಶೀಲಿಸುತ್ತದೆ. ಅದರಡಿ ಸೇಂಟ್ ಆಲ್ಬನ್ಸ್ ಪಟ್ಟಣದ ವಾಲ್‌ಮಾರ್ಟಿಗೆ ಪರವಾನಗಿ ಸಿಗಲಿಲ್ಲ. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಖಾಯಂ ಮಾಡಿತು. ಈ ಮೂರೂ ಕಡೆ ಗೆದ್ದ ಅಸ್ತ್ರ ಭೂಬಳಕೆಯ ಕಾನೂನು. ವ್ಯಾಪಾರ ಮಾಡಬೇಡ ಎಂದು ಯಾರೂ ಯಾರಿಗೂ ಹೇಳಲಿಲ್ಲ, ಹೇಳಲು ಅಧಿಕಾರವೂ ಇರಲಿಲ್ಲ. ಈ ಜಾಗದಲ್ಲಿ, ಈ ಗಾತ್ರದಲ್ಲಿ ಬೇಡ ಎಂದಷ್ಟೇ ಹೇಳಿದರು.

ಆದರೆ ಗೆದ್ದ ಊರುಗಳ ಮುಂದಿನ ಚರಿತ್ರೆಯನ್ನೂ ಓದಬೇಕು, ವಿಜಯದ ಕಥೆಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಪ್ರಸ್ತಾವ ಮತ್ತೆ ಬಂತು, ಮತ್ತೆ ವ್ಯಾಜ್ಯ ನಡೆಯಿತು, ಕೊನೆಗೆ 2013ರಲ್ಲಿ ವಾಲ್‌ಮಾರ್ಟ್ ತೆರೆಯಿತು. ಮೊದಲ ಪ್ರಸ್ತಾವದಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ತಡೆದದ್ದು ಸಣ್ಣ ಸಾಧನೆಯಲ್ಲ. ಆದರೂ ತಡೆದವರಿಗೆ ಅಗ್ಗದ ಸಾಮಾನಿಗಾಗಿ ದೂರ ಹೋಗುತ್ತಿದ್ದವರ ಅಸಮಾಧಾನ ಕರಗಿಸಲು ಆಗಲಿಲ್ಲ, ಆ ಅಸಮಾಧಾನವೇ ಎರಡನೆಯ ಪ್ರಸ್ತಾವಕ್ಕೆ ಬೆಂಬಲವಾಯಿತು ಎಂದು ನನ್ನ ಓದು. ಗ್ರೀನ್‌ಫೀಲ್ಡ್ ಕಥೆ ಬೇರೆ ಥರ. ಅಲ್ಲಿನ ಪೇಟೆಯ ಹೆಮ್ಮೆಯಾಗಿದ್ದ ವಿಲ್ಸನ್ಸ್ ಎಂಬ ಮಳಿಗೆ 1882ರಲ್ಲಿ ಶುರುವಾದದ್ದು. ವಾಲ್‌ಮಾರ್ಟ್ ಊರಿಗೆ ಕಾಲಿಡದಿದ್ದರೂ 2020ರಲ್ಲಿ ಅದು ಬಾಗಿಲು ಹಾಕಿತು. ಮತದಾನದಲ್ಲಿ ಸೋಲಿಸಬಹುದಾದ ಎದುರಾಳಿ ಒಬ್ಬನೇ. ಬದಲಾಗುವ ಕೊಳ್ಳುವ ರೂಢಿ, ಮನೆ ಬಾಗಿಲಿಗೆ ಬರುವ ಪೊಟ್ಟಣ, ಮುದಿಯಾಗುವ ಮಾಲೀಕ, ಇವುಗಳ ಮೇಲೆ ಮತ ಹಾಕಲಾಗದು. ಹಾಗೆಂದು ಆ ಒಂಬತ್ತು ಮತ ವ್ಯರ್ಥವಾಯಿತೇ? ಇಲ್ಲ, ವಿಲ್ಸನ್ಸ್ ಮಳಿಗೆಗೆ ಇಪ್ಪತ್ತಾರು ವರ್ಷಗಳ ಕಾಲ ವಾಲ್‌ಮಾರ್ಟ್ ಊರೊಳಗೇ ಕೂತ ಎದುರಾಳಿಯಾಗಲಿಲ್ಲ, ಪೇಟೆಬೀದಿಗೆ ಅಷ್ಟು ಕಾಲ ಸಿಕ್ಕಿತು. ಅಷ್ಟು ಕಾಲವನ್ನು ಊರು ಏನಕ್ಕೆ ಬಳಸಿತು ಎಂಬುದೇ ಕೇಳಬೇಕಾದ ಪ್ರಶ್ನೆ. ನಿರಾಕರಣೆಯಿಂದ ಊರಿಗೆ ದಕ್ಕುವುದು ಸಮಯ ಮಾತ್ರ.

ಸಾರನಾಕ್ ಲೇಕಿನಲ್ಲಿ ವಾಲ್‌ಮಾರ್ಟ್ ಹಿಂದೆ ಸರಿದಾಗ ಊರವರಿಗೆ ಸಿಕ್ಕಿದ್ದೂ ಸಮಯವೇ. ಬೇರೆ ಸರಣಿಯನ್ನು ಕರೆತರುವುದು ಒಂದು ದಾರಿಯಾಗಿತ್ತು, ಆದರೆ ಏಮ್ಸ್ ಪಾಠ ನೆನಪಿನಲ್ಲಿತ್ತು. ಇನ್ನೊಂದು ದಾರಿಗೆ ಮಾದರಿ ದೇಶದ ಇನ್ನೊಂದು ಮಗ್ಗುಲಿನಲ್ಲಿ ಸಿಕ್ಕಿತು. ವಯೋಮಿಂಗ್ ರಾಜ್ಯದ ಪವೆಲ್ ಕೂಡ ಸುಮಾರು ಐದು ಸಾವಿರ ಜನರ ಪಟ್ಟಣ. ಪೇಟೆಯಲ್ಲಿದ್ದ ಸರಣಿ ಬಟ್ಟೆಯಂಗಡಿ ಮುಚ್ಚಿದಾಗ ಊರವರು 500 ಡಾಲರಿನ ಷೇರುಗಳನ್ನು ಮಾರಿ, ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ, 2002ರಲ್ಲಿ ಪವೆಲ್ ಮರ್ಕಂಟೈಲ್ ಎಂಬ ಅಂಗಡಿ ತೆರೆದಿದ್ದರು. ಸಾರನಾಕ್ ಲೇಕಿನವರು ಷೇರಿನ ಬೆಲೆಯನ್ನು 100 ಡಾಲರಿಗೆ ಇಳಿಸಿದರು. ಐನೂರು ಡಾಲರ್ ಕೊಡಲಾಗದವರೂ ಒಡೆಯರಾಗಲಿ ಎಂಬ ಎಣಿಕೆ ಇದರಲ್ಲಿ ಕಾಣುತ್ತದೆ. ಒಬ್ಬರು 10,000 ಡಾಲರಿಗಿಂತ ಹೆಚ್ಚು ಹಾಕುವಂತಿಲ್ಲ ಎಂದು ಮೇಲಿನ ಮಿತಿಯನ್ನೂ ಇಟ್ಟರು. ಷೇರು ಕೊಳ್ಳಲು ನ್ಯೂಯಾರ್ಕ್ ರಾಜ್ಯದ ನಿವಾಸಿಯಾಗಿರಬೇಕಿತ್ತು. ಇದರ ಹಿಂದೆ ಊರಭಿಮಾನದಷ್ಟೇ ಕಾನೂನಿನ ಅನುಕೂಲವೂ ಇದೆ: ಒಂದೇ ರಾಜ್ಯದೊಳಗೆ ಮಾರುವ ಷೇರಿಗೆ 1933ರ ಕೇಂದ್ರ ಷೇರು ಕಾಯ್ದೆಯ ದುಬಾರಿ ನೋಂದಣಿಯಿಂದ ವಿನಾಯಿತಿಯಿದೆ. ಗುರಿ 5 ಲಕ್ಷ ಡಾಲರ್. ಹಣ ಹೊಳೆಯಂತೆ ಹರಿದು ಬರಲಿಲ್ಲ. ವರ್ಷಗಳೇ ಹಿಡಿದವು, ನಡುವೆ 2008ರ ಆರ್ಥಿಕ ಕುಸಿತವೂ ಬಂದುಹೋಯಿತು. ಕೊನೆಗೆ ಸುಮಾರು 600 ಮಂದಿ ಕೈಜೋಡಿಸಿದರು. ಸರಾಸರಿ ತೆಗೆದರೆ ತಲೆಗೆ ಎಂಟುನೂರು ಡಾಲರಿನ ಆಸುಪಾಸು. ಒಬ್ಬಿಬ್ಬ ಸಿರಿವಂತರ ಕೊಡುಗೆಯಿಂದ ಎದ್ದ ಅಂಗಡಿ ಇದಲ್ಲವೆಂಬುದಕ್ಕೆ ಈ ಸರಾಸರಿಯೂ ಹತ್ತು ಸಾವಿರದ ಮಿತಿಯೂ ಸಾಕ್ಷಿ.

2011ರ ಅಕ್ಟೋಬರ್ 29ರಂದು ಬಾಗಿಲು ತೆರೆಯಿತು. ಜಾಗ ಪೇಟೆಬೀದಿಯಲ್ಲಿ ಹಿಂದೆ ಹೋಟೆಲ್ ಇದ್ದ ಕಟ್ಟಡ. ಊರಾಚೆ ಹೆದ್ದಾರಿ ಬದಿಯಲ್ಲಿ ಹೊಸ ಗೋಡೆ ಏಳಲಿಲ್ಲ ಎಂಬುದನ್ನು ಗಮನಿಸಬೇಕು. ಬಟ್ಟೆಬರೆ, ಹಾಸಿಗೆ ಹೊದಿಕೆ, ಟವೆಲು, ಕಸೂತಿ ಮತ್ತು ಕರಕುಶಲದ ಸಾಮಗ್ರಿ, ಹೀಗೆ ಊರಿನಲ್ಲಿ ಬೇರೆಡೆ ಸಿಗದ ವಸ್ತುಗಳ ಕಡೆಗೆ ಅಂಗಡಿ ಗಮನ ಕೊಟ್ಟಿತು. ಈ ಆಯ್ಕೆಯೇ ಅದರ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ಎಲ್ಲವನ್ನೂ ಮಾರುವ ಮಳಿಗೆ ಊರಿನ ಔಷಧಿ ಅಂಗಡಿಯನ್ನೂ ದಿನಸಿಯವನನ್ನೂ ಹಾರ್ಡ್‌ವೇರ್ ಅಂಗಡಿಯನ್ನೂ ಒಟ್ಟಿಗೆ ಎದುರಿಸುತ್ತದೆ. ಕೊರತೆಯ ಪಟ್ಟಿ ಮಾಡಿ ಅಷ್ಟನ್ನೇ ಮಾರುವ ಅಂಗಡಿ ಅವುಗಳ ಪಕ್ಕದಲ್ಲಿ ಕೂರುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ 1844ರ ಡಿಸೆಂಬರಿನಲ್ಲಿ ಕೂಲಿಜನರು ತಲಾ ಒಂದು ಪೌಂಡ್ ಕೂಡಿಸಿ ತೆರೆದ ಅಂಗಡಿಯಲ್ಲಿ ಮೊದಲು ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಸರಕು. ಗ್ರಾಹಕ ಸಹಕಾರ ಚಳವಳಿ ಅಲ್ಲಿಂದ ಬೆಳೆಯಿತು. ಚಿಕ್ಕದಾಗಿ, ನಿಜವಾಗಿ ಬೇಕಾದ್ದರಿಂದ ಶುರು ಮಾಡುವುದು ಹೊಸ ಯೋಚನೆಯೇನಲ್ಲ.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಇಂಥ ಚಳವಳಿಗಳನ್ನು ನಡೆಸುವವರು ಅಂಗಡಿ ಮಾಲೀಕರು ಮತ್ತು ಉಳ್ಳವರು. ಅವರ ಪೇಟೆಬೀದಿಯ ಅಂದಕ್ಕಾಗಿ ಬಡವನು ಹೆಚ್ಚು ಬೆಲೆ ತೆರಬೇಕೇ ಎಂಬುದು. ಮಾತಿನಲ್ಲಿ ತಥ್ಯವಿದೆ. ಲೇಕ್ ಪ್ಲಾಸಿಡ್ಡಿನಂಥ ಪ್ರವಾಸಿ ಊರಿನಲ್ಲಿ ಬೆಟ್ಟದ ನೋಟ ಕಾಪಾಡಿದ್ದರಿಂದ ಹೋಟೆಲಿನವರಿಗೆ ಆದ ಲಾಭ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಅಷ್ಟೇ ಆಗಿರಲಾರದು. ಆದರೆ ಈ ಆಕ್ಷೇಪ ಹೊಡೆಯುವುದು ಬರೀ ನಿರಾಕರಣೆಯನ್ನು. ನಿರಾಕರಿಸಿದ ಮೇಲೆ ತಮ್ಮ ದುಡ್ಡಿನಲ್ಲೇ ಅಂಗಡಿ ಕಟ್ಟಿದವರಿಗೆ ಅದು ತಾಗುವುದು ಕಡಿಮೆ; ಎಂಬತ್ತು ಕಿಲೋಮೀಟರ್ ಹೋಗಿಬರುವ ಪೆಟ್ರೋಲಿನ ಖರ್ಚನ್ನು ಉಳಿಸಿದವರು ಅವರು, ಮತ್ತು ಆ ಖರ್ಚು ಹೆಚ್ಚು ಹೊರೆಯಾಗುತ್ತಿದ್ದದ್ದು ಬಡವರಿಗೇ. ಎರಡನೆಯ ಆಕ್ಷೇಪ ವ್ಯಾಪಾರಸ್ಥರದು: ಇದು ಹೂಡಿಕೆಯಲ್ಲ, ದಾನ, ದಾನದ ಮೇಲೆ ಅಂಗಡಿ ಎಷ್ಟು ದಿನ ನಿಂತೀತು? ನೂರು ಡಾಲರ್ ಹಾಕಿದವನು ಅದು ಇನ್ನೂರಾಗಲಿ ಎಂದು ಹಾಕಿರಲಾರ ಎಂಬುದು ನಿಜ. ಆದರೆ ಲಾಭಾಂಶದ ಚೀಟಿಯೊಂದರಿಂದಲೇ ಪ್ರತಿಫಲವನ್ನು ಅಳೆಯಬೇಕೆಂದು ಯಾರು ಹೇಳಿದರು? ಬೀದಿಯಲ್ಲಿ ಬೆಳಗುವ ದೀಪ, ಊರಲ್ಲೇ ಸಿಗುವ ಕಾಲುಚೀಲ, ಮುಚ್ಚದ ಪಕ್ಕದ ಅಂಗಡಿ, ಇವೂ ಪ್ರತಿಫಲವೇ. ದಾನಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ದಾನಿಗೆ ಲೆಕ್ಕ ಕೇಳುವ ಹಕ್ಕಿಲ್ಲ, ಷೇರುದಾರನಿಗೆ ಇದೆ. ಮೂರನೆಯದು ಗಾತ್ರದ ಮಾತು. ನಾಲ್ಕು ಸಾವಿರ ಚದರಡಿಯಲ್ಲಿ ಎಲ್ಲ ಸಿಗುವುದಿಲ್ಲ, ಟಿವಿಯೋ ಫ್ರಿಜ್ಜೋ ಬೇಕಾದವರು ಈಗಲೂ ದೂರ ಹೋಗಬೇಕು ಅಥವಾ ತರಿಸಿಕೊಳ್ಳಬೇಕು. ಇದಕ್ಕೆ ಉತ್ತರವಿಲ್ಲ. ಒಪ್ಪಿಕೊಳ್ಳಬೇಕಾದ ಮಿತಿ ಇದು, ಮತ್ತು ಒಪ್ಪಿಕೊಂಡೇ ಊರವರು ಷೇರು ಕೊಂಡರು.

ನಮ್ಮ ಸಹಕಾರಿಗಳು ಇದನ್ನು ಓದುವಾಗ ಒಂದು ಭೇದವನ್ನು ಮರೆಯಬಾರದು. ಸಾರನಾಕ್ ಲೇಕಿನ ಅಂಗಡಿ ಕಾನೂನಿನ ಲೆಕ್ಕದಲ್ಲಿ ಷೇರುದಾರರ ಕಂಪನಿ, ಸಹಕಾರ ಸಂಘವಲ್ಲ. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಮ್ಮ ನಿಯಮ ದೊಡ್ಡ ಕೈಯನ್ನು ತಾನಾಗಿ ತಡೆಯುತ್ತದೆ. ಅವರು ಅದನ್ನು ಹತ್ತು ಸಾವಿರದ ಮಿತಿಯಿಂದ ತಡೆಯಬೇಕಾಯಿತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಲೆಕ್ಕ ಹಾಕಿದರೆ ಈ ವಿಷಯದಲ್ಲಿ ನಮಗೆ ಅವರಿಗಿಂತ ನೂರು ವರ್ಷ ಹೆಚ್ಚಿನ ಅನುಭವವಿದೆ. ಅವರಿಂದ ಕಲಿಯಬೇಕಾದದ್ದು ಸಂಘಟನೆಯ ರೂಪವನ್ನಲ್ಲ. ಊರಿನ ಕೊರತೆಯನ್ನು ಗುರುತಿಸಿ, ಅದನ್ನು ನೀಗಿಸುವ ಸಾಮಾನುಗಳ ಕಡೆಗೆ ಗಮನ ಕೊಟ್ಟ ಕ್ರಮವನ್ನು. ನಮ್ಮ ಎಷ್ಟೋ ಗ್ರಾಹಕ ಭಂಡಾರಗಳು ಪಕ್ಕದ ಕಿರಾಣಿಯಲ್ಲಿ ಸಿಗುವುದನ್ನೇ ಪಕ್ಕದ ಕಿರಾಣಿಯ ಬೆಲೆಗೇ ಮಾರಿ, ಸೊರಗಿ, ಸರ್ಕಾರದ ನೆರವನ್ನು ಕಾಯುತ್ತ ಕುಳಿತದ್ದನ್ನು ನೋಡಿದರೆ ಆ ಕ್ರಮದ ಬೆಲೆ ತಿಳಿದೀತು.

ದೊಡ್ಡ ಮಳಿಗೆಯ ಪ್ರಶ್ನೆ ನಮ್ಮಲ್ಲಿ ಎದ್ದದ್ದು ಬೇರೆ ರೀತಿಯಲ್ಲಿ. ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ಬಂಡವಾಳಕ್ಕೆ ಕೇಂದ್ರ ಸರ್ಕಾರ 2012ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಾಗ ದೇಶದಾದ್ಯಂತ ಬಂದ್ ನಡೆಯಿತು. ಆ ನೀತಿ ಮುಖ್ಯವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳನ್ನು ಉದ್ದೇಶಿಸಿತ್ತು, ಬೇಕೋ ಬೇಡವೋ ಎಂಬ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತ್ತು. ಹೀಗಾಗಿ ಚರ್ಚೆಯೆಲ್ಲ ವಿದೇಶಿ, ಸ್ವದೇಶಿ ಎಂಬುದರ ಸುತ್ತಲೇ ತಿರುಗಿತು. ನಮ್ಮದೇ ದೇಶದ ಸರಣಿ ಮಳಿಗೆಗಳಿಗೆ ಜನಸಂಖ್ಯೆಯ ಆ ಮಿತಿ ಅನ್ವಯಿಸುವುದಿಲ್ಲ. ಅವು ತಾಲ್ಲೂಕು ಕೇಂದ್ರಗಳ ಹೊರವಲಯಕ್ಕೂ ಬರುತ್ತಿವೆ. ಮಾಲೀಕ ಯಾವ ದೇಶದವನು ಎಂಬುದು ಪೇಟೆಬೀದಿಯ ಕಿರಾಣಿಯವನಿಗೆ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ವ್ಯತ್ಯಾಸ ಮಾಡುವುದು ಗಾತ್ರ, ಜಾಗ ಮತ್ತು ಊರವರಿಗೆ ವಿಷಯ ತಿಳಿದ ಹೊತ್ತು. ಸಂತೆ, ತಳ್ಳುಗಾಡಿ, ಸಾಲ ಬರೆದುಕೊಳ್ಳುವ ಅಂಗಡಿ ಇರುವ ನಮ್ಮ ಊರು ಅಮೆರಿಕದ ಊರಲ್ಲ ಎಂದು ಯಾರಾದರೂ ಹೇಳಬಹುದು. ಹೌದು, ನಮ್ಮ ಪೇಟೆ ಅಷ್ಟು ಸುಲಭವಾಗಿ ಬತ್ತಲಾರದು. ಆದರೆ ಕಟ್ಟಡ ಎದ್ದು ನಿಂತ ಮೇಲೆ ಕೂಗುವ ಘೋಷಣೆಗೆ ಅಲ್ಲಿ ಹೇಗೋ ಇಲ್ಲೂ ಹಾಗೆಯೇ ಬೆಲೆಯಿಲ್ಲ.

ನಮ್ಮಲ್ಲೂ ಕಾನೂನಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪ್ರತಿ ಯೋಜನಾ ಪ್ರದೇಶಕ್ಕೂ ಮಹಾಯೋಜನೆ ಇರಬೇಕು. ಅದರಲ್ಲಿ ವಸತಿಗೋ ಕೈಗಾರಿಕೆಗೋ ಎಂದು ಗುರುತಿಸಿದ ಜಮೀನನ್ನು ವಾಣಿಜ್ಯಕ್ಕೆ ತಿರುಗಿಸಬೇಕಾದರೆ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು, ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕು. ಗ್ರೀನ್‌ಫೀಲ್ಡಿನ ಜನ ಹಿಡಿದದ್ದು ಇದೇ ಹಗ್ಗದ ತುದಿಯನ್ನು. ಆ ಪ್ರಕಟಣೆ ಸಣ್ಣ ಅಕ್ಷರದಲ್ಲಿ, ಸರ್ವೆ ನಂಬರಿನ ಭಾಷೆಯಲ್ಲಿ ಬರುತ್ತದೆ. ಸದಸ್ಯರು ಅದನ್ನು ಓದುವ ರೂಢಿ ಮಾಡಿಕೊಳ್ಳಬೇಕು. ಮತ್ತು ಆಕ್ಷೇಪಣೆ ಬರೆಯಲು ಕೂರುವ ದಿನವೇ ಇನ್ನೊಂದು ಹಾಳೆಯಲ್ಲಿ, ನಮ್ಮ ಊರಿನಲ್ಲಿ ಸಿಗದೆ ಜನ ಬಸ್ಸು ಹತ್ತಿ ಹೋಗಿ ತರುವ ಸಾಮಾನುಗಳು ಯಾವುವು ಎಂದು ಬರೆದು ಮುಂದಿನ ಸರ್ವಸದಸ್ಯರ ಸಭೆಗೆ ತರಬೇಕೆಂದು ಕೋರುತ್ತೇನೆ.